ಗಸಗಸೆಗಿಂತ ಚಿಕ್ಕ ಬಸವನಹುಳು: ಖಾಲಿ ಚಿಪ್ಪಿನಿಂದ ಹೊಸ ಪ್ರಭೇದವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಕೆಲಸದ ಮೇಲೆ ಬೋರ್ನಿಯೋ ದ್ವೀಪದಲ್ಲಿ, ಮಲೇಷ್ಯಾದ ಸಬಾ ರಾಜ್ಯದಲ್ಲಿದ್ದೇನೆ. ಇಲ್ಲಿನ ಸುಣ್ಣದಕಲ್ಲಿನ ಬೆಟ್ಟವೊಂದರ ಬುಡದ ಮಣ್ಣನ್ನು ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಮಿಲಿಮೀಟರಿಗೂ ಕಡಿಮೆಯಿರುವ ಶಂಖದಂತಹ ಚಿಪ್ಪುಗಳು ಕಂಡವು. ಇದೇ ಸಬಾದಿಂದ 2015ರಲ್ಲಿ ‘ಅಕ್ಮೆಲ್ಲಾ ನಾನಾ’ ಎಂಬ ಬಸವನಹುಳುವಿಗೆ ಖಾಲಿ ಚಿಪ್ಪನ್ನು ಮಾತ್ರ ನೋಡಿ ಹೆಸರಿಟ್ಟರೆಂದು ಓದಿದ್ದೇನೆ. ಅದು ಯಾವುದೋ ದೊಡ್ಡ ಹುಳುವಿನ ಮರಿಯಲ್ಲವೆಂದು ಹೇಗೆ ತಿಳಿಯಿತು? ಜೀವಂತ ಪ್ರಾಣಿಯನ್ನು ನೋಡದೆ ಅದರ ಕುಟುಂಬವನ್ನು ಹೇಗೆ ನಿರ್ಧರಿಸಿದರು? ನನ್ನ ಬಳಿಯಿರುವುದು ಹೊಸದೋ ಅಲ್ಲವೋ ಎಂದು ತಿಳಿಯಲು ನಾನೇನು ಮಾಡಬೇಕು?

ಉತ್ತರ: ಮರಿಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅತಿ ಚಿಕ್ಕ ಚಿಪ್ಪನ್ನು ಕಂಡ ಯಾರಿಗಾದರೂ ಮೊದಲು ಹುಟ್ಟಬೇಕಾದ ಅನುಮಾನ ಅದೇ, ಮತ್ತು ಅದು ಬಗೆಹರಿಯದ ಹೊರತು ಮುಂದಿನ ಮಾತುಗಳಿಗೆ ಅರ್ಥವಿಲ್ಲ. ಅಕ್ಮೆಲ್ಲಾ ನಾನಾದ ಚಿಪ್ಪಿನ ಅಗಲ 0.50ರಿಂದ 0.60 ಮಿಲಿಮೀಟರ್, ಎತ್ತರ 0.60ರಿಂದ 0.79 ಮಿಲಿಮೀಟರ್. ಅಡುಗೆಮನೆಯ ಅಳತೆಯಲ್ಲಿ ಹೇಳುವುದಾದರೆ ರಾಗಿ ಕಾಳಿನ ಅರ್ಧದಷ್ಟು, ಗಸಗಸೆಗಿಂತಲೂ ತುಸು ಚಿಕ್ಕದು. ಇಷ್ಟು ಚಿಕ್ಕದು ಬೆಳೆದು ಮುಗಿದ ಪ್ರಾಣಿಯದು ಎನ್ನುವುದಕ್ಕೆ ಪುರಾವೆ ಚಿಪ್ಪಿನಲ್ಲಿಯೇ ಇರುತ್ತದೆ.

ಬಸವನಹುಳು ಹಾವಿನಂತೆ ಪೊರೆ ಬಿಡುವುದಿಲ್ಲ, ಏಡಿಯಂತೆ ಹಳೆಯ ಕವಚವನ್ನು ಕಳಚಿ ಹೊಸದನ್ನು ತೊಡುವುದೂ ಇಲ್ಲ. ಮೊಟ್ಟೆಯೊಳಗಿದ್ದಾಗ ಕಟ್ಟಿಕೊಂಡ ಪುಟ್ಟ ಚಿಪ್ಪಿನ ಬಾಯಂಚಿಗೆ ಸುಣ್ಣವನ್ನು ಸೇರಿಸುತ್ತ, ಸುತ್ತಿನ ಮೇಲೆ ಸುತ್ತಾಗಿ ಅದನ್ನೇ ಬೆಳೆಸಿಕೊಂಡು ಹೋಗುತ್ತದೆ. ಹೀಗಾಗಿ ಹುಟ್ಟುವಾಗಿನ ಚಿಪ್ಪು ಸಾಯುವವರೆಗೂ ತುತ್ತತುದಿಯಲ್ಲಿ ಉಳಿದಿರುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ಪ್ರೋಟೋಕಾಂಕ್ ಎಂದು ಹೆಸರು. ಇಲ್ಲಿ ‘ಮೊದಲ ಚಿಪ್ಪು’ ಎನ್ನೋಣ. ಅದರ ಮೇಲ್ಮೈಯ ಕೆತ್ತನೆ ಸಾಮಾನ್ಯವಾಗಿ ಮುಂದಿನ ಸುತ್ತುಗಳ ಕೆತ್ತನೆಗಿಂತ ಬೇರೆಯಾಗಿರುತ್ತದೆ. ಎರಡೂ ಕೂಡುವಲ್ಲಿ ಒಂದು ಗೆರೆ ಕಾಣುತ್ತದೆ. ದೊಡ್ಡ ಹುಳುವಿನ ಮರಿಯಾಗಿದ್ದರೆ ನೀವು ನೋಡುತ್ತಿರುವ ಚಿಪ್ಪಿನ ಬಹುಭಾಗ ಆ ಗೆರೆಯ ಹಿಂದೆಯೇ ಇರಬೇಕು. ತುದಿಯಲ್ಲಿ ಚುಕ್ಕೆಯಷ್ಟು ಮೊದಲ ಚಿಪ್ಪಿದ್ದು ಅದರ ಮುಂದೆ ಹಲವು ಸುತ್ತುಗಳ ಬೆಳವಣಿಗೆ ಕಂಡರೆ, ಪ್ರಾಣಿ ಮೊಟ್ಟೆಯಿಂದ ಹೊರಬಂದು ಬಹುಕಾಲವಾಗಿದೆ ಎಂದೇ ಅರ್ಥ. ಹೋಲಿಕೆಗೆ ಹೇಳುತ್ತೇನೆ: ಕರ್ನಾಟಕದ ತೋಟಗಳಿಗೆ ಪೀಡೆಯಾಗಿರುವ ಆಫ್ರಿಕಾದ ದೈತ್ಯ ಬಸವನಹುಳುವಿನ ಮೊಟ್ಟೆಯೇ ಸುಮಾರು 5 ಮಿಲಿಮೀಟರ್ ಇರುತ್ತದೆ. ಅದರ ಮರಿ ಹುಟ್ಟುವಾಗಲೇ ಬೆಳೆದ ಅಕ್ಮೆಲ್ಲಾ ನಾನಾಕ್ಕಿಂತ ಹಲವು ಪಟ್ಟು ದೊಡ್ಡದು.

ಈ ಪರೀಕ್ಷೆಯಿಂದ ಆಗಷ್ಟೇ ಹುಟ್ಟಿದ ಮರಿಯಲ್ಲ ಎಂಬುದು ತಿಳಿಯುತ್ತದೆಯೇ ಹೊರತು, ಇನ್ನೂ ಬೆಳೆಯುತ್ತಿರುವ ಎಳೆಯದಲ್ಲ ಎಂಬುದು ತಿಳಿಯುವುದಿಲ್ಲ. ಅನೇಕ ನೆಲದ ಬಸವನಹುಳುಗಳು ಪ್ರಾಯಕ್ಕೆ ಬಂದಾಗ ಬಾಯಂಚನ್ನು ದಪ್ಪವಾಗಿಸುತ್ತವೆ ಅಥವಾ ಹೊರಕ್ಕೆ ಮಡಚುತ್ತವೆ. ಅಂಥವುಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅಂಚು ಕೊನೆಯವರೆಗೂ ತೆಳ್ಳಗೇ ಉಳಿಯುವ ಗುಂಪುಗಳಲ್ಲಿ ಒಂದೇ ಚಿಪ್ಪನ್ನು ನಂಬುವಂತಿಲ್ಲ. ಒಂದೇ ಜಾಗದ ಹತ್ತಾರು, ಸಾಧ್ಯವಾದರೆ ನೂರಾರು ಚಿಪ್ಪುಗಳನ್ನು ಸಾಲಾಗಿ ಜೋಡಿಸಿ, ಸುತ್ತುಗಳನ್ನು ಎಣಿಸಿ, ಎತ್ತರವನ್ನು ಅಳೆಯಬೇಕು. ಬೆಳವಣಿಗೆ ಒಂದು ನಿರ್ದಿಷ್ಟ ಸುತ್ತಿನಲ್ಲಿ ನಿಂತಿದ್ದು, ಅದಕ್ಕೂ ದೊಡ್ಡ ಚಿಪ್ಪು ಆ ಮಣ್ಣಿನಲ್ಲಿ ಒಂದೂ ಸಿಗದಿದ್ದರೆ ಅದು ಬೆಳೆದ ಗಾತ್ರವೆಂದು ಒಪ್ಪಬಹುದು. ಒಂಟಿ ಚಿಪ್ಪನ್ನು ಹಿಡಿದು ಹೊಸ ಪ್ರಭೇದವೆಂದು ಘೋಷಿಸುವ ಉತ್ಸಾಹವನ್ನು ನಾನು ಎಂದೂ ಪ್ರೋತ್ಸಾಹಿಸಿಲ್ಲ. ಅತಿ ವಿಲಕ್ಷಣವಾದ ಆಕಾರವಿದ್ದಾಗ ಅದು ಸಹ್ಯವಾದೀತು. ಅಕ್ಮೆಲ್ಲಾದಂತಹ ನುಣುಪಾದ, ಅಲಂಕಾರವಿಲ್ಲದ ಚಿಪ್ಪಿನಲ್ಲಿ ಖಂಡಿತ ಸಲ್ಲದು.

ಇನ್ನು ವರ್ಣನೆಯ ಕೆಲಸ. ಚಿಪ್ಪನ್ನು ಕನಿಷ್ಠ ಮೂರು ನಿಲುವುಗಳಲ್ಲಿ ನೋಡಬೇಕು: ಬಾಯಿ ನಮ್ಮತ್ತ ಇರುವಂತೆ ಒಮ್ಮೆ, ತುದಿಯ ಮೇಲಿನಿಂದ ಒಮ್ಮೆ, ತಳದಿಂದ ಒಮ್ಮೆ. ಎತ್ತರ, ಅಗಲ, ಸುತ್ತುಗಳ ಸಂಖ್ಯೆ, ಸುತ್ತುಗಳು ಉಬ್ಬಿವೆಯೋ ಚಪ್ಪಟೆಯೋ, ಅವು ಕೂಡುವ ಗೆರೆ ಎಷ್ಟು ಆಳ, ತಳದ ಹೊಕ್ಕುಳದಂತಹ ಕುಳಿ ತೆರೆದಿದೆಯೋ ಮುಚ್ಚಿದೆಯೋ, ಬಾಯಿಯ ಆಕಾರ ಮತ್ತು ಓರೆ, ಮೇಲ್ಮೈಯಲ್ಲಿ ಏಣುಗಳಿವೆಯೋ ಸುರುಳಿಗೆರೆಗಳಿವೆಯೋ, ಇದ್ದರೆ ಎಷ್ಟು ದಟ್ಟ, ಇವೆಲ್ಲವೂ ದಾಖಲಾಗಬೇಕು. ಸುತ್ತುಗಳನ್ನು ಎಣಿಸುವಾಗ ಕಾಲು ಸುತ್ತಿನ ವ್ಯತ್ಯಾಸಕ್ಕೂ ಬೆಲೆಯಿದೆ. ಅರ್ಧ ಮಿಲಿಮೀಟರಿನ ಚಿಪ್ಪಿನ ಕೆತ್ತನೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಚೆನ್ನಾಗಿ ಸಿಗುವುದಿಲ್ಲ. ಅದಕ್ಕೆ ಚಿನ್ನದ ತೆಳುಲೇಪ ಕೊಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತಾರೆ. ಹಾಗಿದ್ದರೂ ಕೈಯಿಂದ ಬರೆದ ರೇಖಾಚಿತ್ರದ ಮೌಲ್ಯ ಇಂದಿಗೂ ಕಡಿಮೆಯಾಗಿಲ್ಲ. ಏನನ್ನು ಗಮನಿಸಬೇಕೆಂಬುದನ್ನು ಛಾಯಾಚಿತ್ರ ಹೇಳುವುದಿಲ್ಲ, ರೇಖಾಚಿತ್ರ ಹೇಳುತ್ತದೆ.

ಕನ್ನಡದಲ್ಲಿ ಬರೆದುಕೊಳ್ಳುವವರಿಗೆ ಇಲ್ಲಿ ಒಂದು ತೊಡಕಿದೆ. ಚಿಪ್ಪಿನ ತುದಿಯನ್ನು ಮೇಲಕ್ಕೆ, ಬಾಯಿಯನ್ನು ನಮ್ಮತ್ತ ಮಾಡಿ ಹಿಡಿದಾಗ ಬಾಯಿ ಬಲಗಡೆ ಬಂದರೆ ಶಾಸ್ತ್ರ ಅದನ್ನು ಬಲಸುತ್ತಿನ ಚಿಪ್ಪು ಎನ್ನುತ್ತದೆ, ಎಡಗಡೆ ಬಂದರೆ ಎಡಸುತ್ತಿನದು. ಬಲಮುರಿ, ಎಡಮುರಿ ಎಂಬ ಸೊಗಸಾದ ಪದಗಳು ನಮ್ಮಲ್ಲಿ ಇವೆಯಲ್ಲ ಎಂದು ಅವನ್ನೇ ಬಳಸಲು ಮನಸ್ಸಾಗುತ್ತದೆ. ಆದರೆ ಪೂಜೆಯ ಶಂಖವನ್ನು ನಾವು ಹಿಡಿಯುವುದು ತಲೆಕೆಳಗಾಗಿ, ಕೊಳವೆಯಂತೆ ನೀಳವಾದ ಭಾಗ ಮೇಲೆ ಬರುವಂತೆ. ಆದ್ದರಿಂದ ಅಪರೂಪವೆಂದು ಪೂಜಿಸುವ ಬಲಮುರಿ ಶಂಖವೇ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಎಡಸುತ್ತಿನ ಶಂಖ! ನಿಮ್ಮ ಟಿಪ್ಪಣಿಯಲ್ಲಿ ‘ಬಾಯಿ ಬಲಕ್ಕೆ’ ಅಥವಾ ‘ಬಾಯಿ ಎಡಕ್ಕೆ’ ಎಂದು ಬಿಡಿಸಿ ಬರೆಯಿರಿ, ಗೊಂದಲವಿರುವುದಿಲ್ಲ.

ಕುಟುಂಬದ ಪ್ರಶ್ನೆ ಇದಕ್ಕಿಂತ ಕಠಿಣ. ನಮ್ಮ ಹಿತ್ತಿಲಿನಲ್ಲಿ ಮಳೆಗಾಲದಲ್ಲಿ ಕಾಣುವ ಬಸವನಹುಳುಗಳಲ್ಲಿ ಬಹುಪಾಲು ಶ್ವಾಸಕೋಶದಂತಹ ಕೋಶದಿಂದ ಉಸಿರಾಡುವ, ಬಾಯಿಗೆ ಮುಚ್ಚಳವಿಲ್ಲದ ಗುಂಪಿನವು. ಅಕ್ಮೆಲ್ಲಾ ಅಸಿಮಿನೈಡೀ ಎಂಬ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಹಲವು ಪ್ರಭೇದಗಳು ಇಂದಿಗೂ ಕಡಲಂಚಿನ ಕೆಸರಿನಲ್ಲಿ, ಮ್ಯಾಂಗ್ರೋವ್ ಕಾಡುಗಳಲ್ಲಿ ಬದುಕುತ್ತವೆ, ಕೆಲವು ಪೂರ್ತಿಯಾಗಿ ನೆಲಕ್ಕೆ ಬಂದಿವೆ. ಇವು ಒಳಸರಿದ ಮೇಲೆ ಬಾಯಿಯನ್ನು ಮುಚ್ಚಿಕೊಳ್ಳುವ ಪುಟ್ಟ ಮುಚ್ಚಳವನ್ನು ಹೊತ್ತಿರುತ್ತವೆ. ಪ್ರಾಣಿ ಸತ್ತು ಕೊಳೆತಾಗ ಆ ಮುಚ್ಚಳ ಬಿದ್ದುಹೋಗುತ್ತದೆ, ಹಾಗಾಗಿ ಖಾಲಿ ಚಿಪ್ಪಿನಲ್ಲಿ ಈ ಮುಖ್ಯ ಗುರುತೇ ಇರುವುದಿಲ್ಲ. ನಾಲಿಗೆಯ ಮೇಲಿನ ಅರದಂತಹ ಹಲ್ಲುಪಟ್ಟಿಯೂ ಸಿಗುವುದಿಲ್ಲ. ಅಕ್ಮೆಲ್ಲಾ ನಾನಾವನ್ನು ಆ ಕುಲದಲ್ಲಿ ಇಟ್ಟದ್ದು ಅದೇ ಕುಲದ ಇತರ ಪ್ರಭೇದಗಳ ಚಿಪ್ಪಿನೊಂದಿಗೆ ಇರುವ ಹೋಲಿಕೆಯ ಆಧಾರದಿಂದ. ಅದು ಏನನ್ನು ತಿನ್ನುತ್ತದೆ ಎಂಬ ಊಹೆಯೂ ನೆಂಟರಿಂದಲೇ ಬಂದದ್ದು: ಬೋರ್ನಿಯೋದ ಅಕ್ಮೆಲ್ಲಾ ಪೊಲಿಟಾ ಸುಣ್ಣದಕಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ತೆಳುಪದರವನ್ನು ಮೇಯುತ್ತದೆ.

ಹೋಲಿಕೆ ಮೋಸ ಮಾಡಬಲ್ಲದು ಎಂಬುದು ನಿಮ್ಮ ಆಕ್ಷೇಪವಾದರೆ, ಅದು ನ್ಯಾಯವಾದದ್ದೇ. ಆದರೆ ಖಾಲಿ ಚಿಪ್ಪು ಕೂಡ ಕೆಲವೊಮ್ಮೆ ಒಳಗಿನ ಪ್ರಾಣಿಯ ವಂಶವನ್ನು ಬಿಟ್ಟುಕೊಡುತ್ತದೆ. ಸಬಾದ ಅದೇ ಬಂಡೆಗಳ ಮೇಲೆ ಜಿಯೋರಿಸ್ಸಾ ಎಂಬ ಇನ್ನೊಂದು ಕುಲದ ಹುಳುಗಳಿವೆ. ಅವೂ ಒಂದೆರಡು ಮಿಲಿಮೀಟರಿನ ಪುಟ್ಟ ಶಂಕುವಿನಾಕಾರದವು, ಅವಕ್ಕೂ ಮುಚ್ಚಳವಿದೆ, ಆದರೆ ವಂಶ ಪೂರ್ತಿ ಬೇರೆ. ಜಿಯೋರಿಸ್ಸಾದ ಗುಂಪು ಬೆಳೆಯುತ್ತ ಚಿಪ್ಪಿನ ಒಳಗೋಡೆಗಳನ್ನು ತಾನೇ ಕರಗಿಸಿಕೊಳ್ಳುತ್ತದೆ; ಹೊರಗೆ ಸುತ್ತುಗಳು ಕಂಡರೂ ಒಳಗೆ ಒಂದೇ ಕೋಣೆ. ಮುರಿದ ಚಿಪ್ಪೊಂದನ್ನು ನೋಡಿದರೆ, ಇಲ್ಲವೇ ಕ್ಷ-ಕಿರಣದ ಸೂಕ್ಷ್ಮ ಸ್ಕ್ಯಾನ್ ಮಾಡಿಸಿದರೆ, ನಡುಗಂಬ ಮತ್ತು ಗೋಡೆಗಳು ಇವೆಯೋ ಇಲ್ಲವೋ ಎಂದು ತಿಳಿದುಬಿಡುತ್ತದೆ. ಆದ್ದರಿಂದ ಮುರಿದ ಚಿಪ್ಪುಗಳನ್ನು ಎಸೆಯಬೇಡಿ. ಚಂದವಾದವನ್ನು ಆರಿಸಿಕೊಂಡು ಉಳಿದದ್ದನ್ನು ಗುಡಿಸಿಹಾಕುವ ಅಭ್ಯಾಸ ಈ ವಿದ್ಯೆಗೆ ಹೊಂದುವುದಿಲ್ಲ.

ಮರಿಯಲ್ಲವೆಂದು ತೀರ್ಮಾನವಾಯಿತು, ಕುಲ ಗೊತ್ತಾಯಿತು, ಅಳತೆಗಳೂ ಸಿದ್ಧವಾದವು ಎನ್ನೋಣ. ಇಷ್ಟಕ್ಕೂ ‘ಹೊಸದು’ ಎಂಬ ಮಾತು ಹುಟ್ಟುವುದಿಲ್ಲ. ಆ ಕುಲದಲ್ಲಿ ಈಗಾಗಲೇ ಹೆಸರು ಪಡೆದ ಪ್ರತಿಯೊಂದು ಸಮೀಪದ ಪ್ರಭೇದದೊಂದಿಗೆ ಇದನ್ನು ಹೋಲಿಸಿ, ಯಾವುದರಿಂದ ಯಾವ ಲಕ್ಷಣದಲ್ಲಿ ಬೇರೆ ಎಂದು ತೋರಿಸಿದ ಮೇಲೆಯೇ ಅದು ಹುಟ್ಟುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದು. ಒಂದು ಪ್ರಬಂಧವನ್ನು ಓದುವಾಗ ನಾನು ಮೊದಲು ತಿರುಗಿಸುವುದು ಈ ಹೋಲಿಕೆಯ ಪುಟವನ್ನೇ. ಇದಕ್ಕೆ ಹಳೆಯ ಬರಹ, ಹಳೆಯ ಸಂಗ್ರಹ ಎರಡೂ ಬೇಕು. ಬೋರ್ನಿಯೋದ ನೆಲದ ಚಿಪ್ಪುಗಳ ಬಗ್ಗೆ 1889ರಲ್ಲಿಯೇ ಬರೆದವರು ಹೆನ್ರಿ ಗಾಡ್ವಿನ್-ಆಸ್ಟಿನ್. ಕೆ2 ಶಿಖರಕ್ಕೆ ಒಮ್ಮೆ ಯಾರ ಹೆಸರಿಟ್ಟಿದ್ದರೋ ಆ ಸರ್ವೇಕ್ಷಕರೇ ಇವರು. ಆಲ್ಫ್ರೆಡ್ ಎವರೆಟ್ ಎಂಬವರು ಅಲ್ಲಿ ಸಂಗ್ರಹಿಸಿದ ಚಿಪ್ಪುಗಳನ್ನು ಇವರು ಪರಿಶೀಲಿಸಿದ್ದರು. ಹಳೆಯ ವರ್ಣನೆಗಳಲ್ಲಿ ಕೆಲವು ಲ್ಯಾಟಿನ್ನಿನ ನಾಲ್ಕಾರು ಸಾಲುಗಳಲ್ಲಿ ಮುಗಿದುಹೋಗಿರುತ್ತವೆ, ಚಿತ್ರವೂ ಇರುವುದಿಲ್ಲ. ಆಗ ಸಂಗ್ರಹಾಲಯದಲ್ಲಿರುವ ಮೂಲ ಚಿಪ್ಪನ್ನೇ ನೋಡದೆ ಬೇರೆ ದಾರಿಯಿಲ್ಲ.

ಹೋಲಿಕೆಯ ಈ ಜಾಲ ನಮ್ಮ ನೆರೆಯವರೆಗೂ ಚಾಚಿದೆ. ಅಕ್ಮೆಲ್ಲಾ ಎಂಬ ಕುಲವನ್ನು 1869ರಲ್ಲಿ ಸ್ಥಾಪಿಸಿದವರು ಭಾರತದ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ವಿಲಿಯಂ ಬ್ಲಾನ್‌ಫರ್ಡ್. ಮಲೇಷ್ಯಾದ ಸುಣ್ಣದಕಲ್ಲಿನ ಬೆಟ್ಟಗಳ ಅತಿ ವಿಚಿತ್ರ ಚಿಪ್ಪುಗಳನ್ನು ಹೊಂದಿರುವ ಓಪಿಸ್ತೋಸ್ಟೋಮಾ ಕುಲವನ್ನು ಅದೇ ಬ್ಲಾನ್‌ಫರ್ಡ್ ತಮ್ಮ ಸೋದರ ಹೆನ್ರಿಯ ಜೊತೆ 1860ರಲ್ಲಿ ವರ್ಣಿಸಿದ್ದು ನೀಲಗಿರಿಯ ಒಂದು ಪ್ರಭೇದದಿಂದ. ಮಲೇಷ್ಯಾದ ಪೆರಾಕ್ ರಾಜ್ಯದಿಂದ 2008ರಲ್ಲಿ ವರ್ಣಿತವಾದ, ನಾಲ್ಕು ಬೇರೆ ಬೇರೆ ಅಕ್ಷಗಳ ಮೇಲೆ ಸುತ್ತಿಕೊಳ್ಳುವ ಓಪಿಸ್ತೋಸ್ಟೋಮಾ ವರ್ಮಿಕ್ಯುಲಂ ಕೂಡ ಕುಲದ ಹೆಸರಿನ ಮಟ್ಟಿಗೆ ನಮ್ಮ ನೀಲಗಿರಿಯ ಹುಳುವಿಗೆ ಋಣಿ.

ಎಲ್ಲಿ ಗೆರೆ ಎಳೆಯಬೇಕು ಎಂಬುದು ಮುಂದಿನ ಕಷ್ಟ. ಸಬಾದಲ್ಲಿ ಸುಣ್ಣದಕಲ್ಲಿನ ಗುಡ್ಡಗಳು ಕಾಡಿನ ನಡುವೆ ಬಿಡಿಬಿಡಿಯಾಗಿ ಎದ್ದಿವೆ. ಚಿಪ್ಪು ಕಟ್ಟಲು ಸುಣ್ಣ ಬೇಕಾದ ಈ ಹುಳುಗಳಿಗೆ ಅವೇ ದ್ವೀಪಗಳು. ನಡುವಿನ ಆಮ್ಲೀಯ ಮಣ್ಣು ಅವುಗಳ ಪಾಲಿಗೆ ಕಡಲು. ಹೀಗೆ ದ್ವೀಪದೊಳಗಿನ ದ್ವೀಪಗಳಲ್ಲಿ ಸಿಕ್ಕಿಕೊಂಡ ಹುಳುಗಳು ಗುಡ್ಡದಿಂದ ಗುಡ್ಡಕ್ಕೆ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಕಿನಬಟಾಂಗನ್ ನದಿಯ ಬಯಲಿನ ಪ್ಲೆಕ್ಟೋಸ್ಟೋಮಾ ಹುಳುಗಳಲ್ಲಿ ಒಂದು ಗುಡ್ಡದವಕ್ಕೆ ಏಣುಗಳು ಒತ್ತಾಗಿ, ಇನ್ನೊಂದರವಕ್ಕೆ ವಿರಳವಾಗಿ ಇರುವುದನ್ನು ಕಾಣಬಹುದು. ಅವನ್ನು ತಿನ್ನುವ ಆಟೋಪೋಸ್ ಎಂಬ ಚಿಪ್ಪಿಲ್ಲದ ಹುಳು ಚಿಪ್ಪಿಗೆ ತೂತು ಕೊರೆಯುವ ರೀತಿಯೂ ಗುಡ್ಡದಿಂದ ಗುಡ್ಡಕ್ಕೆ ಬೇರೆಯಾಗುತ್ತದೆ. ಎರಡು ಗುಡ್ಡಗಳ ಚಿಪ್ಪುಗಳನ್ನು ಮಾತ್ರ ನೋಡಿದವರು ಎರಡು ಪ್ರಭೇದಗಳೆನ್ನಬಹುದು. ನಡುವಿನ ಹತ್ತು ಗುಡ್ಡಗಳನ್ನು ನೋಡಿದ ಮೇಲೆ ಅದೇ ವ್ಯತ್ಯಾಸ ಒಂದರೊಳಗೊಂದು ಕರಗಿಹೋಗಬಹುದು.

ಇದಕ್ಕೆ ವಿರುದ್ಧವಾದ ಒಂದು ಪ್ರಸಂಗವೂ ಸಬಾದ್ದೇ. ಗುಹೆಯ ಹೊರಗಿನ ಬಂಡೆಗಳ ಮೇಲೆ ಜಿಯೋರಿಸ್ಸಾ ಸೌಲೇ ಇದೆ. ಗುಹೆಯ ಕತ್ತಲಲ್ಲಿ ಅದಕ್ಕಿಂತ ಬೇರೆಯಾಗಿ ಕಾಣುವ ಹುಳು ಸಿಕ್ಕಿತು, 2007ರಲ್ಲಿ ಅದಕ್ಕೆ ಜಿಯೋರಿಸ್ಸಾ ಫಿಲಿಯಸೌಲೇ ಎಂದು ಹೆಸರಾಯಿತು. ‘ಸೌಲೆಯ ಮಗಳು’ ಎಂದರ್ಥ. ಹೊರಗಿನ ಹುಳುವಿನಿಂದಲೇ ಒಳಗಿನದು ಕವಲೊಡೆದಿದೆ ಎಂಬುದನ್ನು ಹೆಸರೇ ಹೇಳುತ್ತದೆ. ಆದರೆ ತಾಯಿ ಮಗಳ ನಡುವೆ ವಂಶವಾಹಿಗಳ ಹರಿದಾಟ ಪೂರ್ತಿ ನಿಂತಿಲ್ಲವೆಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ. ಹಾಗಾದರೆ ಇವು ಎರಡೋ ಒಂದೋ? ಎರಡೆಂದು ಒಪ್ಪುವವರಲ್ಲಿ ನಾನೂ ಒಬ್ಬ, ಏಕೆಂದರೆ ಎರಡು ಬೇರೆ ಬಾಳುವೆಗಳಿಗೆ ಒಗ್ಗಿ ಎರಡು ಬೇರೆ ರೂಪಗಳು ಉಳಿದುಕೊಂಡಿವೆ. ಆದರೂ ಬೇರೊಬ್ಬ ತಜ್ಞರು ಅದನ್ನು ಒಪ್ಪದಿದ್ದರೆ ಅವರನ್ನು ತಪ್ಪೆನ್ನಲಾರೆ. ಪ್ರಭೇದವೆಂಬುದು ಪ್ರತಿಬಾರಿಯೂ ಪುರಾವೆಯಿಂದ ಪರೀಕ್ಷಿಸಬೇಕಾದ ಒಂದು ಊಹೆ. ಹೊಸ ಪುರಾವೆ ಬಂದಾಗ ಒಂದು ಎರಡಾಗುವುದೂ ಎರಡು ಒಂದಾಗುವುದೂ ಈ ಶಾಸ್ತ್ರದಲ್ಲಿ ಮುಖಭಂಗವಲ್ಲ.

ಡಿಎನ್‌ಎ ಇದ್ದ ಮೇಲೆ ಚಿಪ್ಪಿನ ಹಂಗೇಕೆ ಎಂದು ಕೇಳುವವರಿದ್ದಾರೆ. ಒಣಗಿದ ಖಾಲಿ ಚಿಪ್ಪಿನಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಜೀವಂತ ಹುಳು ಸಿಕ್ಕರೂ ಅರ್ಧ ಮಿಲಿಮೀಟರಿನ ಪ್ರಾಣಿಯಿಂದ ತುಣುಕು ಕತ್ತರಿಸಿಕೊಳ್ಳಲಾಗದು, ಇಡೀ ಹುಳುವನ್ನೇ ಅರೆಯಬೇಕಾಗುತ್ತದೆ. ಆದ್ದರಿಂದ ಮೊದಲು ಎಲ್ಲ ನಿಲುವುಗಳಲ್ಲೂ ಚಿತ್ರ ತೆಗೆದು ಅನಂತರವೇ ಅರೆಯುವುದು ಪದ್ಧತಿ. ಹಳೆಯ ಹೆಸರುಗಳೆಲ್ಲ ಚಿಪ್ಪುಗಳಿಗೆ ಅಂಟಿಕೊಂಡಿರುವುದರಿಂದ, ಡಿಎನ್‌ಎ ಹೇಳಿದ ಮಾತನ್ನು ಕೊನೆಗೆ ಚಿಪ್ಪಿನ ಭಾಷೆಗೆ ತಂದು ಕೂಡಿಸಲೇಬೇಕು.

ಹೆಸರಿಡುವುದು ಎಲ್ಲಕ್ಕಿಂತ ಸುಲಭ. ಓದುಗರಿಗೆ ಅದೇ ದೊಡ್ಡದಾಗಿ ಕಾಣುತ್ತದೆ, ಇರಲಿ. ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ಸಂಹಿತೆಯಿದೆ. ಅದರ ಪ್ರಕಾರ 1999ರ ಬಳಿಕ ಪ್ರಕಟವಾಗುವ ಹೊಸ ಪ್ರಭೇದಕ್ಕೆ ‘ಇದು ಹೊಸದು’ ಎಂದು ಸ್ಪಷ್ಟವಾಗಿ ಹೇಳಿರಬೇಕು, ಬೇರ್ಪಡಿಸುವ ಲಕ್ಷಣಗಳು ಪದಗಳಲ್ಲಿರಬೇಕು, ಹೆಸರನ್ನು ಹೊರುವ ಮಾದರಿಯನ್ನು ನಿಗದಿಪಡಿಸಿರಬೇಕು. ಒಂದೇ ಚಿಪ್ಪನ್ನು ಹಾಗೆ ಆರಿಸಿದರೆ ಅದು ಹೋಲೋಟೈಪ್; ಜೊತೆಗೆ ಅಧ್ಯಯನ ಮಾಡಿದ ಉಳಿದವು ಪ್ಯಾರಾಟೈಪ್‌ಗಳು. ಮುಂದೆ ಎಂದಾದರೂ ಆ ಗುಂಪಿನಲ್ಲಿ ಎರಡು ಪ್ರಭೇದಗಳು ಬೆರೆತಿದ್ದವೆಂದು ಗೊತ್ತಾದರೆ ಹೆಸರು ಹೋಲೋಟೈಪ್ ಇರುವ ಕಡೆಗೇ ಹೋಗುತ್ತದೆ. ಅಂತರ್ಜಾಲದಲ್ಲಿ ಮಾತ್ರ ಪ್ರಕಟವಾಗುವ ಕೃತಿಯನ್ನು ಜೂಬ್ಯಾಂಕ್ ಎಂಬ ದಾಖಲೆಯಲ್ಲಿ ನೋಂದಾಯಿಸಬೇಕೆಂಬ ನಿಯಮ 2012ರ ತಿದ್ದುಪಡಿಯಿಂದ ಬಂದಿದೆ.

‘ನಾನಾ’ ಎಂದರೆ ನಮಗೆ ಹಲವು ಎಂದು ಕೇಳಿಸಿದರೂ ಲ್ಯಾಟಿನ್ನಿನಲ್ಲಿ ಅದು ಕುಬ್ಜ ಎಂಬುದರ ಸ್ತ್ರೀಲಿಂಗ ರೂಪ. ಅಕ್ಮೆಲ್ಲಾ ಸ್ತ್ರೀಲಿಂಗದ ಪದವಾದ್ದರಿಂದ ನಾನುಸ್ ಎನ್ನದೆ ನಾನಾ ಎಂದರು. ಅಕ್ಮೆಲ್ಲಾ ಎಂದೇ ಒಂದು ಸಸ್ಯ ಕುಲವೂ ಇದೆ, ಹಲ್ಲುನೋವಿಗೆ ಜಗಿಯುವ ಹಳದಿ ಮೊಗ್ಗಿನ ಗಿಡ ಅದರದ್ದೇ. ಸಸ್ಯಗಳ ಸಂಹಿತೆ ಬೇರೆ, ಪ್ರಾಣಿಗಳದು ಬೇರೆ, ಹಾಗಾಗಿ ತಕರಾರಿಲ್ಲ. ವರ್ಮ್ಯೂಲನ್, ಲಿಯೂ, ಸ್ಕಿಲ್ಟ್‌ಹೌಜನ್ ಈ ಮೂವರು 2015ರ ಪ್ರಬಂಧದಲ್ಲಿ ಸಬಾದಿಂದ ಒಟ್ಟು 48 ಹೊಸ ಪ್ರಭೇದಗಳನ್ನು ವರ್ಣಿಸಿದರು. ಆಗ ‘ಜಗತ್ತಿನ ಅತಿ ಚಿಕ್ಕ ನೆಲದ ಬಸವನಹುಳು’ ಎಂಬ ಪಟ್ಟ ನಾನಾಕ್ಕೆ ಬಂತು. 2022ರಲ್ಲಿ ವಿಯೆಟ್ನಾಮಿನ ಆಂಗಸ್ಟೋಪಿಲಾ ಸಮ್ಮಿಯಾನ್ ಅದನ್ನು ಕಿತ್ತುಕೊಂಡಿತು. ದಾಖಲೆಯ ಸುದ್ದಿಯ ಗದ್ದಲದಲ್ಲಿ ಉಳಿದ 47ರ ಹೆಸರನ್ನು ಯಾರೂ ಕೇಳಲಿಲ್ಲ.

ಈಗ ನಿಮ್ಮ ಮಣ್ಣಿಗೆ ಬರೋಣ. ಮೊದಲ ಮಾತು ಕಾನೂನಿನದು. ಸಬಾದಲ್ಲಿ 2000ದ ಜೀವವೈವಿಧ್ಯ ಶಾಸನದ ಪ್ರಕಾರ ಸಂಶೋಧನೆಗಾಗಿ ಜೈವಿಕ ವಸ್ತುಗಳನ್ನು ಸಂಗ್ರಹಿಸಲು ಪರವಾನಗಿ ಬೇಕು. ರಜೆಗೆ ಊರಿಗೆ ಬರುವಾಗ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ತರುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಕೋಟಾ ಕಿನಾಬಾಲುವಿನಲ್ಲಿರುವ ಮಲೇಷ್ಯಾ ಸಬಾ ವಿಶ್ವವಿದ್ಯಾಲಯದಲ್ಲಿ ಬೋರ್ನಿಯೋದ ಜೀವಿಗಳ ಸಂಗ್ರಹವಿದೆ. ಅಲ್ಲಿಯ ಸಂಶೋಧಕರ ಜೊತೆಗೂಡಿ, ಅವರ ಪರವಾನಗಿಯ ಅಡಿಯಲ್ಲಿ ಮುಂದುವರಿಯುವುದೇ ಸರಿಯಾದ ದಾರಿ. ಹವ್ಯಾಸಿಗಳಿಗೆ ಇಲ್ಲಿ ಜಾಗವಿಲ್ಲವೆಂದು ಭಾವಿಸಬೇಡಿ. ಅದೇ ದ್ವೀಪದ ಬ್ರೂನೈ ಭಾಗದಲ್ಲಿ ತಜ್ಞರೊಂದಿಗೆ ಕಾಡಿಗೆ ಹೋದ ಸಾಮಾನ್ಯ ನಾಗರಿಕರು ಕಂಡ ಸುಮಾರು 2 ಮಿಲಿಮೀಟರಿನ ಹುಳು 2020ರಲ್ಲಿ ಕ್ರಾಸ್ಪೆಡೋಟ್ರೋಪಿಸ್ ಗ್ರೇಟಾಥುನ್‌ಬರ್ಗೇ ಎಂದು ಹೆಸರು ಪಡೆಯಿತು.

ಪರವಾನಗಿ ದೊರೆತ ಮೇಲೆ ಮಾಡುವ ಕೆಲಸ ಸರಳ. ಬಂಡೆಯ ಬುಡದ ತರಗೆಲೆ ಮತ್ತು ಮೇಲ್ಮಣ್ಣನ್ನು ಸುಮಾರು ಐದು ಲೀಟರಿನಷ್ಟು ತೆಗೆದು, ಚೆನ್ನಾಗಿ ಒಣಗಿಸಿ, ಬಕೆಟ್ ನೀರಿಗೆ ಸುರಿದು ಕಲಕಬೇಕು. ಮಣ್ಣು ತಳಕ್ಕಿಳಿಯುತ್ತದೆ, ಗಾಳಿ ತುಂಬಿದ ಖಾಲಿ ಚಿಪ್ಪುಗಳು ತೇಲುತ್ತವೆ. ತೇಲಿದ್ದನ್ನು ಸೋಸಿ ಒಣಗಿಸಿ ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಆರಿಸಿದರಾಯಿತು. ಟೀ ಸೋಸುವ ಜರಡಿ ಇದಕ್ಕೆ ಸಾಲದು, ನಾನಾದಂಥವು ಅದರ ಕಣ್ಣುಗಳಿಂದ ಜಾರಿಹೋಗುತ್ತವೆ. ಅರ್ಧ ಮಿಲಿಮೀಟರಿಗೂ ಸಣ್ಣ ಕಣ್ಣಿನ ಜಾಳಿಗೆಯೋ ಒತ್ತುನೆಯ್ಗೆಯ ಬಟ್ಟೆಯೋ ಬೇಕು. ಪ್ರತಿ ಸೀಸೆಯೊಳಗೂ ಪೆನ್ಸಿಲ್ಲಿನಲ್ಲಿ ಬರೆದ ಚೀಟಿಯಿರಲಿ: ಗುಡ್ಡದ ಹೆಸರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಬಂಡೆಯ ಬುಡವೋ ಬಿರುಕೋ ಗುಹೆಯ ಬಾಯಿಯೋ ಎಂಬ ವಿವರ. ಎಷ್ಟೇ ಅಂದವಾದ ಚಿಪ್ಪಾದರೂ ಊರು ತಿಳಿಯದಿದ್ದರೆ ವರ್ಗೀಕರಣಕ್ಕೆ ಪ್ರಯೋಜನವಿಲ್ಲ. ಗುಡ್ಡದ ಹೆಸರಿಗೆ ಇನ್ನೊಂದು ಕಾರಣಕ್ಕೂ ಬೆಲೆಯಿದೆ. ಮಲೇಷ್ಯಾದ ಪಹಾಂಗ್ ರಾಜ್ಯದ ಬುಕಿಟ್ ಪಂಚಿಂಗ್ ಎಂಬ ಒಂದೇ ಗುಡ್ಡದಲ್ಲಿದ್ದ ಪ್ಲೆಕ್ಟೋಸ್ಟೋಮಾ ಸಯಾಫಿಲಂ, ಆ ಗುಡ್ಡವನ್ನು ಕಲ್ಲುಗಣಿಗಾರಿಕೆ ನುಂಗಿದಾಗ ಅದರೊಂದಿಗೇ ಹೋಯಿತು. ಈಗ ಉಳಿದಿರುವುದು ಸಂಗ್ರಹಾಲಯದ ಚಿಪ್ಪುಗಳು ಮತ್ತು ಚೀಟಿಯ ಮೇಲಿನ ಗುಡ್ಡದ ಹೆಸರು.

ತೇಲಿ ಬಂದ ಚಿಪ್ಪುಗಳು ಬಂಡೆಯ ಎಲ್ಲೆಲ್ಲಿಂದಲೋ ಮಳೆನೀರಿನೊಂದಿಗೆ ಇಳಿದು ಬುಡದಲ್ಲಿ ಕೂಡಿಕೊಂಡವು, ಹಾಗಾಗಿ ಹುಳು ಬಂಡೆಯ ಯಾವ ಭಾಗದಲ್ಲಿ ಬದುಕುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಮಳೆ ಬಂದು ನಿಂತ ರಾತ್ರಿ ಟಾರ್ಚು ಮತ್ತು ಮಸೂರ ಹಿಡಿದು ಒದ್ದೆ ಬಂಡೆಯನ್ನು ಅಂಗೈ ಅಗಲದಷ್ಟು ಜಾಗವಾಗಿ ನೋಡುತ್ತ ಹೋಗಬೇಕು. ಹರಿಯುತ್ತಿರುವ ಪುಟ್ಟ ಹುಳುವೊಂದು ಕಂಡರೆ ಮುಟ್ಟುವ ಮೊದಲು ಚಿತ್ರ ತೆಗೆಯಿರಿ, ಕಣ್ಣುಗಳು ಕೊಂಬಿನ ತುದಿಯಲ್ಲಿವೆಯೋ ಬುಡದಲ್ಲಿವೆಯೋ ಗುರುತುಹಾಕಿಕೊಳ್ಳಿ. ಅನಂತರ ಕುಂಚದ ತುದಿಯಿಂದ ಮೆಲ್ಲಗೆ ಸೋಕಿಸಿ. ಅದು ಒಳಸರಿದಾಗ ಬಾಯಿಗೆ ಮುಚ್ಚಳ ಬೀಳುತ್ತದೆಯೇ ಎಂಬುದನ್ನು ನೋಡಿ ನನಗೆ ಬರೆದು ತಿಳಿಸಿ.